ನಮ್ಮ ಪಡಸಾಲೆಗೊಂದು ಆಂಪ್ಲಿಫೈಯರ್

ನನ್ನ ಊರು ಎಮ್ಮೆದೊಡ್ಡಿ ಎಂದೊಡನೆ ಹಾಸ್ಟೆಲಿನ ಗೆಳೆಯರಿಗೆ ಒಂದು ಗಾದೆ ನೆನಪಾಗುತ್ತದೆ. ಮನೆಗೆ ಕಡಿಮೆ ಬೆಲೆಯ ಆಂಪ್ಲಿಫೈಯರ್ ಒಂದನ್ನು ಕೊಳ್ಳಬೇಕು, ಯಾವುದಾದೀತು ಎಂದು ನಾನು ವಿಚಾರಿಸುತ್ತಿದ್ದಾಗ, "ಕೋಣನ ಮುಂದೆ ಕಿನ್ನರಿ ಯಾಕಪ್ಪಾ?" ಎಂದು ಒಬ್ಬ ಕೇಳಿಯೇಬಿಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಗಾದೆಯಲ್ಲಿ ತಪ್ಪೆಲ್ಲವೂ ಕೋಣನ ಪಾಲಿಗೇ ಏಕೆ ಬರಬೇಕು? ಕಿನ್ನರಿಯೇ ಸರಿಯಿಲ್ಲದಿದ್ದರೆ ಕೋಣ ತಾನೆ ಏನು ಮಾಡೀತು? ನನ್ನ ಈ ಬರಹ ಕಿನ್ನರಿಯ ಪರೀಕ್ಷೆಗೆ ಸಂಬಂಧಿಸಿದ್ದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದರ ಫಲವೇನೆಂದರೆ, ಮನೆಗೆ ಬರುವ ಪ್ರತಿಯೊಂದು ಯಂತ್ರಕ್ಕೂ ನಾನೇ ಹೊಣೆ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಎಂದರೆ ಅಪ್ಪ ಒಪ್ಪುವುದಿಲ್ಲ. "ಓದಿದೋನಿಗೆ ಎಲ್ಲಾ ಒಂದೇ" ಎಂಬುದು ಅವರ ಸಿದ್ಧಾಂತ. ಮೂರು ವರ್ಷದ ಹಿಂದೆ ತೆಂಗಿನಕಾಯಿ ಮಾರಿದ ಹಣದಲ್ಲಿ, ಪೇಟೆಯ ಅಂಗಡಿಯೊಂದರಿಂದ ಐದು ಸ್ಪೀಕರೂ ಒಂದು ಸಬ್‌ವೂಫರೂ ಇದ್ದ ಹೋಮ್ ಥಿಯೇಟರ್ ತಂದಾಗಲೂ ಆರಿಸಿದವನು ನಾನೇ. ಅದರ ಡಬ್ಬದ ಮೇಲೆ ೧೨,೦೦೦ ವ್ಯಾಟ್ ಪಿ.ಎಂ.ಪಿ.ಓ. ಎಂದು ಅಚ್ಚಾಗಿತ್ತು, ಪಕ್ಕದ ಡಬ್ಬದ ಮೇಲೆ ೮,೦೦೦. ಹನ್ನೆರಡು ಎಂಟಕ್ಕಿಂತ ದೊಡ್ಡದೆಂದು ತಿಳಿಯಲು ಪದವಿ ಬೇಕಿಲ್ಲವಷ್ಟೆ.

ಮೊದಲ ರಾತ್ರಿ ಸಿನಿಮಾದ ಹೊಡೆದಾಟಕ್ಕೆ ಗೂಡಿನ ಸ್ಟೀಲ್ ಲೋಟಗಳು ತಾಳ ಹಾಕಿದುವು. ನೆರೆಯವರು ಬಂದು ನೋಡಿ ತಲೆದೂಗಿದರು. ಅಪ್ಪನಿಗೆ ಹಿಗ್ಗೋ ಹಿಗ್ಗು. ಆದರೆ ನಿಜವಾಗಿ ಆ ಯಂತ್ರ ಬಂದದ್ದು ನಮ್ಮ ಅಜ್ಜಿಗಾಗಿ. ಆಕೆಗೆ ಎಪ್ಪತ್ತೈದು ದಾಟಿದೆ, ಕಿವಿ ಮಂದ. ಟೀವಿಯಲ್ಲಿ ಯಾರೇನು ಹೇಳಿದರೂ "ಏನಂತೆ ಅವನು ಹೇಳಿದ್ದು?" ಎಂದು ನಮ್ಮನ್ನು ಕೇಳುವಳು. ಹೊಸ ಯಂತ್ರ ಬಂದ ಮೇಲೆ ಈ ಪ್ರಶ್ನೆ ನಿಲ್ಲಬೇಕಾಗಿತ್ತು; ಹೆಚ್ಚಾಯಿತು. ನಾಲ್ಕನೆಯ ದಿನ ಅಜ್ಜಿ ಎಲೆಯಡಿಕೆ ತಟ್ಟೆಯನ್ನೆತ್ತಿಕೊಂಡು ಜಗಲಿಗೆ ಹೋಗಿ ಕುಳಿತಳು. ಒಂದು ಸಂಜೆ ಚಂದನದಲ್ಲಿ ನಮ್ಮ ಮದಗದ ಕೆರೆಗೆ ಮಳೆ ಬಂದ ಜಾನಪದ ಗೀತೆ ಬಂತು. ರಾಗಿಹೊಲದಲ್ಲಿ ಕಳೆ ಕೀಳುತ್ತ ಅಜ್ಜಿಯೇ ಹಾಡುತ್ತಿದ್ದ ಹಾಡು ಅದು. ಒಳಗೆ ಓಡಿಬರುವಳೆಂದುಕೊಂಡೆ. ಬರಲಿಲ್ಲ. ಆಕೆಗೆ ಕೇಳಿಸಿದ್ದು ಚರ್ಮವಾದ್ಯದ ಗುಡುಗೊಂದೇ; ಹಾಡು ಯಾವುದೆಂಬುದೇ ತಿಳಿದಿರಲಿಲ್ಲ.

ಇದು ನನ್ನ ಮನಸ್ಸನ್ನು ಕೊರೆಯಿತು. ನಮ್ಮ ಕಡೆಯ ಮೈಕ್‌ಸೆಟ್ಟಿನವರೊಬ್ಬರ ಬಳಿ ಹೋಗಿ ಹೇಳಿಕೊಂಡೆ. ಅವರು ಓದಿರುವುದು ಏಳನೆಯ ತರಗತಿ. "ಡಬ್ಬದ ಮುಖ ಓದಬೇಡ, ಮಿಷನ್ನಿನ ಬೆನ್ನು ಓದು" ಎಂದರು. ಮನೆಗೆ ಬಂದು ತಿರುಗಿಸಿ ನೋಡಿದೆ: ೨೩೦ ವೋಲ್ಟ್, ೬೦ ವ್ಯಾಟ್. ಅಂದರೆ ಅದು ಗೋಡೆಯಿಂದ ಹೀರುವುದೇ ಅರವತ್ತು! ಒಂದು ಅಶ್ವಶಕ್ತಿಯೆಂದರೆ ೭೪೬ ವ್ಯಾಟ್. ನಮ್ಮ ಕೊಳವೆಬಾವಿಯ ಏಳೂವರೆ ಎಚ್.ಪಿ. ಮೋಟಾರು ೫,೫೯೫ ವ್ಯಾಟಿನದು. ಅಂಥ ಎರಡು ಮೋಟಾರು ಸೇರಿಸಿದರೂ ೧೨,೦೦೦ ಆಗದು. ಪಾತಾಳದಿಂದ ನೀರೆತ್ತುವ ಎರಡು ಮೋಟಾರುಗಳ ಬಲವನ್ನು ನಮ್ಮ ಪಡಸಾಲೆಯ ಮೂಲೆಯ ಪೆಟ್ಟಿಗೆ, ಮೊಬೈಲು ಚಾರ್ಜು ಮಾಡುವ ಪ್ಲಗ್ಗಿನಿಂದಲೇ ಪಡೆಯುತ್ತಿತ್ತೆಂದು ನಾವು ನಂಬಿದ್ದೆವು. ಐದು ಸೇರು ರಾಗಿ ಹಾಕಿ ಸಾವಿರ ಸೇರು ಹಿಟ್ಟು ಕೊಡುವ ಗಿರಣಿಯಿದ್ದರೆ ನಾವು ನಂಬುತ್ತಿದ್ದೆವೆ?

ಪಿ.ಎಂ.ಪಿ.ಓ. ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಬರೆದವನ ಧೈರ್ಯವೇ ಅದರ ಅಳತೆ. ಅಮೆರಿಕದಂಥ ದೇಶದಲ್ಲಿಯೂ ಈ ಪಿಡುಗು ಇದ್ದುದರಿಂದಲೇ, ೧೯೭೪ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಮನೆಬಳಕೆಯ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಹೇಳಬೇಕೆಂದು ನಿಯಮ ಮಾಡಿತು. ೨೦೨೪ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆದುದರಿಂದ ಕೊಳ್ಳುವವನು ಕೇಳಬೇಕಾದ ಮಾತು ಇದು: ಎಡೆಬಿಡದೆ, ಅಂದರೆ ಆರ್.ಎಂ.ಎಸ್. ಲೆಕ್ಕದಲ್ಲಿ, ಒಂದೊಂದು ಚಾನೆಲಿಗೆ ಎಷ್ಟು ವ್ಯಾಟ್? ಎಷ್ಟು ಓಮ್ ಸ್ಪೀಕರಿಗೆ? ಎಷ್ಟು ವಿಕೃತಿಯೊಡನೆ? ಮೂರನೆಯದನ್ನು ಕೇಳಿದರೆ ಅಂಗಡಿಯವರು ನಮ್ಮನ್ನು ಒಂದು ಬಗೆಯಾಗಿ ನೋಡುತ್ತಾರೆ. ನೋಡಲಿ. ಈಚಿನ ಅಗ್ಗದ ಆಂಪ್ಲಿಫೈಯರುಗಳಲ್ಲಿ ಬಹುವಾಗಿ ಕಾಣುವ ಟಿಪಿಎ ೩೧೧೬ ಎಂಬ ಚಿಪ್ಪು, ೨೧ ವೋಲ್ಟಿನಲ್ಲಿ ೪ ಓಮ್ ಸ್ಪೀಕರಿಗೆ ಚಾನೆಲಿಗೆ ೫೦ ವ್ಯಾಟ್ ಕೊಡಬಲ್ಲದು. ಆದರೆ ಆ ಐವತ್ತರಲ್ಲಿ ನೂರಕ್ಕೆ ಹತ್ತು ಪಾಲು ವಿಕೃತಿ. ಜೊತೆಗೆ ಬರುವ ಅಡಾಪ್ಟರು ಸಣ್ಣದಾದರೆ ಅಷ್ಟೂ ಬಾರದು.

ಇನ್ನು, ವ್ಯಾಟಿನ ಹಿಂದೆ ಓಡುವುದೇ ಅಷ್ಟು ಲಾಭದ ಕೆಲಸವಲ್ಲ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ೯೦ ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರು ೧೫ ವ್ಯಾಟಿನಲ್ಲಿ ಮಾಡುವಷ್ಟೇ ಸದ್ದು ಮಾಡಲು ೮೪ ಡೆಸಿಬೆಲ್ಲಿನ ಸ್ಪೀಕರಿಗೆ ೬೦ ವ್ಯಾಟ್ ಬೇಕು. ಆಂಪ್ಲಿಫೈಯರನ್ನು ಆರಿಸುವವನು ಮೊದಲು ಸ್ಪೀಕರನ್ನು ನೋಡಬೇಕೆಂದು ನಾನು ಹೇಳುವುದು ಇದಕ್ಕೇ.

ಅಜ್ಜಿಯ ಸಂಕಟದ ಗುಟ್ಟೂ ಇಲ್ಲಿಯೇ ಸಿಕ್ಕಿತು. ಮಾತಿನಲ್ಲಿ ಸ್ವರಗಳ ಬಲ ಕೆಳಗಿನ ಶ್ರುತಿಯಲ್ಲಿದೆ. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಮೇಲಿನ ಶ್ರುತಿಯಲ್ಲಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನದನ್ನೇ. ಉಳಿದಷ್ಟನ್ನು ಸಬ್‌ವೂಫರಿನ ಗುಮ್ಮಾಟ ನುಂಗಿಹಾಕುತ್ತದೆ. ಮುದುಕರಿಗೆ ಕೇಳಿಸಲಿ ಎಂದು ನಾವು ಸದ್ದು ಏರಿಸಿದಷ್ಟೂ ಮಾತು ಮುಳುಗುತ್ತದೆ.

ಹಾಗಾದರೆ ಐದು ಸ್ಪೀಕರೇ ಬೇಡವೆ? ಬೀರೂರಿನ ನನ್ನ ಸಹಪಾಠಿಯೊಬ್ಬ ಈ ವಿಷಯದಲ್ಲಿ ನನ್ನೊಡನೆ ಜಗಳವನ್ನೇ ಆಡಿದ. ಸಿನಿಮಾದ ಸಂಭಾಷಣೆ ಬಹುಮಟ್ಟಿಗೆ ನಡುವಿನ ಸ್ಪೀಕರಿನಲ್ಲಿಯೇ ಬರುತ್ತದೆ, ಆದ್ದರಿಂದ ಮಾತು ಕೇಳಬೇಕಾದವರಿಗೆ ಐದೇ ಸರಿ ಎಂದು ಅವನ ವಾದ. ಮಾತು ನಿಜ. ಆದರೆ ಐದು ದಾರಿಯ ಧ್ವನಿ ಒಳಗೆ ಬರಬೇಕು, ಎಚ್.ಡಿ.ಎಂ.ಐ. ಅಥವಾ ಆಪ್ಟಿಕಲ್ ತಂತಿಯ ಮೂಲಕ ಬಂದುದನ್ನು ಬಿಡಿಸಬಲ್ಲ ರಿಸೀವರ್ ಇರಬೇಕು. ಹೆಸರಾಂತ ಕಂಪೆನಿಗಳ ಅಂಥ ರಿಸೀವರಿಗೆ ಸ್ಪೀಕರಿಲ್ಲದೆಯೇ ಇಪ್ಪತ್ತು ಸಾವಿರ ದಾಟುತ್ತದೆ. ನಮ್ಮ ಮನೆಯಲ್ಲಿರುವುದು ಡಿಡಿ ಫ್ರೀ ಡಿಶ್. ಅದರಿಂದ ನಮಗೆ ಬರುವುದು ಎಡ, ಬಲ ಎಂಬ ಎರಡೇ ಧ್ವನಿ. ನಮ್ಮ ಹಳೆಯ ಪೆಟ್ಟಿಗೆ ಆ ಎರಡನ್ನೇ ಐದು ಮೂಲೆಗೆ ಹಂಚುತ್ತಿತ್ತು. ಹಿಂದಿನ ಒಂದು ಸ್ಪೀಕರಂತೂ ರಾಗಿಮೂಟೆಯ ಮೇಲೆ ಕುಳಿತು ಕೊಟ್ಟಿಗೆಯ ಬಾಗಿಲಿಗೆ ಹಾಡು ಹೇಳುತ್ತಿತ್ತು.

ನನ್ನ ಅಭಿಪ್ರಾಯವಿಷ್ಟು: ಹತ್ತು ಸಾವಿರದೊಳಗೆ ಕೊಳ್ಳುವವರು ಎರಡೇ ಚಾನೆಲಿನ, ಚಾನೆಲಿಗೆ ೨೫-೩೦ ನಿಜವಾದ ವ್ಯಾಟಿನ ಆಂಪ್ಲಿಫೈಯರನ್ನೂ ಒಂದು ಜೊತೆ ಒಳ್ಳೆಯ ಸ್ಪೀಕರನ್ನೂ ಕೊಳ್ಳಲಿ, ಉಳಿದ ಮೂರು ಸ್ಪೀಕರಿನ ಹಣವೂ ಆ ಎರಡಕ್ಕೇ ಹೋಗಲಿ. ಸಿನಿಮಾದ ಹುಚ್ಚು ಬಹಳವಿರುವವರು ಇನ್ನೆರಡು ವರ್ಷ ಹಣ ಕೂಡಿಸಿ ನಿಜವಾದ ಐದನ್ನೇ ತರಲಿ. ಸುಳ್ಳು ಐದು ಬೇಡ.

ಅಪ್ಪನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಒಂದು ಸಲ ಆರಿಸಿ ಕೆಡಿಸಿದವನ ಮಾತಿಗೆ ಬೆಲೆಯೆಲ್ಲಿ? "ಹನ್ನೆರಡು ಸಾವಿರದಿಂದ ಮೂವತ್ತಕ್ಕೆ ಇಳಿದ್ಯಲ್ಲೋ, ಇದಕ್ಕಾ ಬಿ.ಎ. ಓದಿಸಿದ್ದು?" ಎಂದರು. ಕೊನೆಗೆ, ಬಿ.ಎಡ್. ಅರ್ಜಿಗೆಂದು ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ೩,೦೦೦ ರೂಪಾಯಿಯನ್ನು ನಾನೇ ಮುಂದಿಟ್ಟೆ. ಅದನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಿಕ್ಕ ಆರು ಸಾವಿರ ಕೊಟ್ಟರು. ಅರ್ಜಿಯ ಹಣವನ್ನು ಇನ್ನೂ ಹೊಂದಿಸಬೇಕಾಗಿದೆ.

ತಾರಸಿ ಹಾಕಿ ನುಣುಪು ಟೈಲ್ಸು ಹಾಸಿದ ಮೇಲೆ ನಮ್ಮ ಪಡಸಾಲೆ ಖಾಲಿ ಕೊಡದಂತೆ ಮೊಳಗುತ್ತಿತ್ತು. ಸ್ಪೀಕರುಗಳ ಎದುರು ಗೋಡೆಗೆ ಎರಡು ಕಂಬಳಿ ತೂಗುಹಾಕಿದೆ. ಇದಕ್ಕೆ ಖರ್ಚಾದದ್ದು ನಾಲ್ಕು ಮೊಳೆ. ಆದ ಉಪಕಾರ ಮಾತ್ರ ಸಣ್ಣದಲ್ಲ.

ಪಕ್ಕದ ಮನೆಗೆ ಕೇಳಿಸುವುದೇ ಇಲ್ಲವೆಂದು ಅಪ್ಪನ ದೂರು ಇಂದಿಗೂ ಇದೆ. ಅಜ್ಜಿ ಮೊದಲ ಸಂಜೆ ಜಗಲಿಯಲ್ಲೇ ಇದ್ದಳು. ವಾರ್ತೆ ಅರ್ಧವಾಗುವ ಹೊತ್ತಿಗೆ ಹೊಸಿಲ ಬಳಿ ಬಂದು ನಿಂತಳು. ಆಮೇಲೆ ಒಳಗೆ ಬಂದು ಕುಳಿತು, "ವಸಿ ಕಮ್ಮಿ ಮಾಡೋ ಮಗ, ಕೇಳುಸ್ತದೆ" ಎಂದಳು. ಹಳೆಯ ಸಬ್‌ವೂಫರಿನ ಮೇಲೆ ಈಗ ಆಕೆಯ ಎಲೆಯಡಿಕೆ ತಟ್ಟೆ ಇರುತ್ತದೆ.