ಒಗಟಿನ ಲೆಕ್ಕ: ಆಸಕ್ತಿಯೋ, ಅಂಜಿಕೆಯೋ?

ಮಕ್ಕಳಿಗೆ ಗಣಿತದಲ್ಲಿ ಆಸಕ್ತಿ ಮೂಡಲೆಂದು ಮನೆಗಳಲ್ಲಿ ಒಗಟಿನ ಲೆಕ್ಕ ಕೇಳುವುದುಂಟು. ಒಳ್ಳೆಯ ರೂಢಿಯೇ. ಆದರೆ ಎಲ್ಲ ಒಗಟುಗಳೂ ಒಂದೇ ತರದವಲ್ಲ.

ಕೊಪ್ಪದಿಂದ ಶೃಂಗೇರಿಗೆ ಹೊರಟ ಬಸ್ಸಿನಲ್ಲಿ 20 ಮಂದಿ ಇದ್ದರು. ಹರಿಹರಪುರದಲ್ಲಿ 8 ಮಂದಿ ಇಳಿದರು, 4 ಮಂದಿ ಹತ್ತಿದರು. ಮಗು ಬೆರಳು ಮಡಚಿ 16 ಎಂದು ಲೆಕ್ಕ ಹಾಕುವಷ್ಟರಲ್ಲಿ, "ಹಾಗಾದರೆ ಡ್ರೈವರನ ಹೆಸರೇನು?" ಎಂದು ಕೇಳುತ್ತೇವೆ. ಎಲ್ಲರೂ ನಗುತ್ತಾರೆ. ಸರಿಯಾಗಿ ಲೆಕ್ಕ ಮಾಡಿದ ಮಗುವೇ ಇಲ್ಲಿ ಪೆದ್ದಾಗುತ್ತದೆ. ಒಮ್ಮೆ ತಮಾಷೆಗೆ ಅಡ್ಡಿಯಿಲ್ಲ. ದಿನವೂ ಹೀಗಾದರೆ, ಲೆಕ್ಕವೆಂದರೆ ತನ್ನನ್ನು ಬೀಳಿಸಲು ಒಡ್ಡಿದ ಬಲೆ ಎಂಬ ಭಾವನೆ ಅದರ ಮನಸ್ಸಿನಲ್ಲಿ ಬೇರೂರುತ್ತದೆ.

ಇನ್ನೊಂದು ಬಗೆಯ ಒಗಟು ನೋಡಿ. ಒಬ್ಬ ತಂದೆ 17 ಒಂಟೆಗಳನ್ನು ಬಿಟ್ಟು ತೀರಿಕೊಂಡ. ಮೂವರು ಮಕ್ಕಳಿಗೆ ಕ್ರಮವಾಗಿ ಅರ್ಧ, ಮೂರನೇ ಒಂದು ಮತ್ತು ಒಂಬತ್ತನೇ ಒಂದು ಪಾಲು ಎಂದಿದ್ದ. ಹಿರಿಯರೊಬ್ಬರು ತಮ್ಮ ಒಂಟೆಯನ್ನೂ ಸೇರಿಸಿ 18 ಮಾಡಿದರು. 9, 6, 2 ಎಂದು ಹಂಚಿದ ಮೇಲೆ ಒಂದು ಉಳಿಯಿತು. ತಮ್ಮ ಒಂಟೆಯನ್ನು ಹಿಡಿದುಕೊಂಡು ಹೊರಟರು!

ಇದನ್ನು ಕೇಳಿ ಬೆರಗಾಗಿ ಸುಮ್ಮನಾದರೆ ಅದು ಬರೀ ಚಮತ್ಕಾರ. "ಹೇಗೆ ಉಳಿಯಿತು?" ಎಂದು ಕೇಳಿದರೆ ಗಣಿತ ಆರಂಭವಾಗುತ್ತದೆ. ಆ ಮೂರು ಪಾಲುಗಳನ್ನು ಕೂಡಿಸಿ ನೋಡಿ. ಹದಿನೆಂಟರಲ್ಲಿ ಹದಿನೇಳು ಭಾಗ ಮಾತ್ರ ಆಗುತ್ತದೆ, ಪೂರ್ತಿ ಒಂದಾಗುವುದಿಲ್ಲ. ಗುಟ್ಟು ಅಲ್ಲಿದೆ.

ಇದು ಕತೆಯಷ್ಟೇ. ಕುರ್‌ಆನ್ ನಿಗದಿಪಡಿಸಿದ ವಾರೀಸು ಪಾಲುಗಳಲ್ಲಿ ಒಂಬತ್ತನೇ ಒಂದು ಎಂಬುದಿಲ್ಲ. ಆದರೆ ಇದೇ ಬಗೆಯ ಪ್ರಶ್ನೆ ನಿಜ ಜೀವನದಲ್ಲೂ ಬರುತ್ತದೆ. ತೀರಿಕೊಂಡ ಮಹಿಳೆಗೆ ಪತಿ ಮತ್ತು ಇಬ್ಬರು ಒಡಹುಟ್ಟಿದ ಸಹೋದರಿಯರು ಮಾತ್ರ ವಾರೀಸುದಾರರೆನ್ನಿ. ಪತಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು. ಕೂಡಿಸಿದರೆ ಒಂದಕ್ಕಿಂತ ಹೆಚ್ಚಾಗುತ್ತದೆ! ಆಗ ಆಸ್ತಿಯನ್ನು ಏಳು ಭಾಗ ಮಾಡಿ ಪತಿಗೆ ಮೂರು, ಸಹೋದರಿಯರಿಗೆ ನಾಲ್ಕು ಕೊಡುತ್ತಾರೆ. ಫಿಕ್ಹ್‌ನಲ್ಲಿ ಇದಕ್ಕೆ 'ಔಲ್' ಎನ್ನುತ್ತಾರೆ. ಒಬ್ಬರಿಗೂ ಅನ್ಯಾಯವಾಗದಂತೆ ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. ಸುಮಾರು 820ರಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಬರೆದ ಬೀಜಗಣಿತದ ಗ್ರಂಥದಲ್ಲಿ ವಸಿಯ್ಯತ್ ಮತ್ತು ವಾರೀಸು ಹಕ್ಕಿನ ಲೆಕ್ಕಗಳಿಗೇ ದೊಡ್ಡ ಭಾಗ ಮೀಸಲಾಗಿದೆ. ಅದೇ ಶತಮಾನದಲ್ಲಿ ನಮ್ಮ ನಾಡಿನ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲೂ ಕತೆಯಂತಹ ಲೆಕ್ಕಗಳಿವೆ. ಆದರೆ ಅಲ್ಲಿ ಮೊದಲು ಮಾಡುವ ಕ್ರಮ, ಆಮೇಲೆ ಲೆಕ್ಕ.

ಆದ್ದರಿಂದ ತಾಯಂದಿರೇ, ಒಗಟು ಕೇಳಿ. ಆದರೆ ಯೋಚಿಸಲು ಸಮಯ ಕೊಡಿ. ಉತ್ತರ ತಪ್ಪಿದರೆ ಅತಿಥಿಗಳ ಮುಂದೆ ನಗಬೇಡಿ. ಉತ್ತರ ಹೇಳಿದ ಮೇಲೆ "ಯಾಕೆ ಹೀಗಾಯಿತು?" ಎಂದು ನೀವೇ ಕೇಳಿ, ಮಗುವಿನ ಜೊತೆ ಕೂತು ಬಿಡಿಸಿ. ವಿಶೇಷವಾಗಿ ಹೆಣ್ಣುಮಕ್ಕಳನ್ನು ಕೂರಿಸಿಕೊಳ್ಳಿ. ನಾಳೆ ಅಲ್ಲಾಹನು ಅವರಿಗೆ ನಿಗದಿಪಡಿಸಿದ ಪಾಲನ್ನು ಯಾರಾದರೂ ತಪ್ಪಾಗಿ ಎಣಿಸಿದರೆ, ಅದನ್ನು ಕಂಡುಹಿಡಿಯುವಷ್ಟು ಲೆಕ್ಕ ಅವರಿಗೆ ಗೊತ್ತಿರಲೇಬೇಕು.