ಅಜ್ಜನ ಹುಬ್ಬಿನ ಗೀರು

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಮಧ್ಯಾಹ್ನ ಎರಡು ಚಿತ್ರಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಒಂದು, ಅವಳ ಅಜ್ಜ 1974ರಲ್ಲಿ ಎಸ್ಸೆಸ್ಸೆಲ್ಸಿ ಓದುವಾಗ ತೆಗೆಸಿದ ಗ್ರೂಪ್ ಫೋಟೋ. ಚಿಕ್ಕಪ್ಪ ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರ ಪ್ರತಿ. ಇನ್ನೊಂದು, ಅದರಿಂದ ಅಜ್ಜನ ಮುಖವನ್ನಷ್ಟೇ ಕತ್ತರಿಸಿ, ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದರಿಂದ ದೊಡ್ಡದು ಮಾಡಿದ್ದು. ಅಜ್ಜ ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷದ ತಿಥಿಯ ಹೊತ್ತಿಗೆ ಅವರ ಹರೆಯದ ಫೋಟೋಕ್ಕೆ ಕಟ್ಟು ಹಾಕಿಸಿ ಅಜ್ಜಿಗೆ ಕೊಡಬೇಕೆಂಬುದು ಅವಳ ಆಸೆ.

ದೊಡ್ಡದಾದ ಮುಖವೇನೋ ಸೊಗಸಾಗಿತ್ತು. ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. “ಆದರೆ ಅಜ್ಜಿ ನೋಡಿ, ಹುಡುಗ ಲಕ್ಷಣವಾಗಿದ್ದಾನೆ, ಯಾರೇ ಇದು? ಅಂದುಬಿಟ್ಟರು ಸರ್” ಎಂದಳು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅಜ್ಜನ ಎಡಹುಬ್ಬು ಸೀಳಿ ಒಂದು ಗೀರು ಉಳಿದಿತ್ತಂತೆ. ದೊಡ್ಡ ಚಿತ್ರದಲ್ಲಿ ಹುಬ್ಬು ತಿದ್ದಿ ತೀಡಿದ ಹಾಗಿದೆ. “ಕಂಪ್ಯೂಟರ್ ತಪ್ಪು ಮಾಡಿತಾ ಸರ್?”

ತಪ್ಪು ಮಾಡಿಲ್ಲ. ತನಗೆ ಕಲಿಸಿದ್ದನ್ನೇ ಅದು ಮಾಡಿದೆ. ಏನು ಕಲಿಸಿದ್ದಾರೆ ಎಂಬುದನ್ನು ನೋಡೋಣ.

ಡಿಜಿಟಲ್ ಚಿತ್ರವೆಂದರೆ ಚೌಕುಳಿ ಕಾಗದದ ಮನೆಗಳಿಗೆ ಬಣ್ಣ ತುಂಬಿದಂತೆ. ಒಂದೊಂದು ಮನೆಯೂ ಒಂದು ಪಿಕ್ಸೆಲ್. ಅದರೊಳಗಿರುವುದು ಬಣ್ಣವನ್ನು ಹೇಳುವ ಕೆಲವು ಅಂಕಿಗಳು, ಅಷ್ಟೆ. ಹುಡುಗಿಯ ಮೊಬೈಲಿನಲ್ಲಿದ್ದ ಗ್ರೂಪ್ ಫೋಟೋದ ಅಗಲ 1,600 ಪಿಕ್ಸೆಲ್. ಅದರಲ್ಲಿ ಅಜ್ಜನ ಮುಖಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ 50 ಅಗಲ, 50 ಎತ್ತರ, ಅಂದರೆ 2,500 ಪಿಕ್ಸೆಲ್. ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ 200ಕ್ಕೆ 200, ಒಟ್ಟು 40,000. ಹಾಗಾದರೆ ಉಳಿದ 37,500 ಎಲ್ಲಿಂದ ಬಂದವು?

ಹಳೆಯ ವಿಧಾನದಲ್ಲಿ ಅವು ಸರಾಸರಿಯಿಂದ ಬರುತ್ತಿದ್ದವು. ಪಕ್ಕಪಕ್ಕದ ಎರಡು ಮನೆಗಳಲ್ಲಿ 40 ಮತ್ತು 60 ಇದ್ದರೆ, ನಡುವೆ ಹುಟ್ಟಿದ ಹೊಸ ಮನೆಗೆ 50. ಇದರಿಂದ ಚಿತ್ರ ಮಂಜು ಕವಿದಂತೆ ಕಾಣುತ್ತಿತ್ತು. ಆದರೆ ಆ ಮಂಜು ಪ್ರಾಮಾಣಿಕವಾದದ್ದು. ‘ಇಲ್ಲಿ ನನಗೆ ಹೆಚ್ಚು ತಿಳಿಯದು’ ಎಂದು ಚಿತ್ರವೇ ಒಪ್ಪಿಕೊಳ್ಳುತ್ತಿತ್ತು.

ಕೃತಕ ಬುದ್ಧಿಮತ್ತೆಯ ದಾರಿಯೇ ಬೇರೆ. 2014ರಲ್ಲಿ ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾಲಯದ ಚಾವೊ ಡಾಂಗ್ ಮತ್ತು ಸಂಗಡಿಗರು ಇದಕ್ಕೆ ನರಜಾಲವನ್ನು ಬಳಸಿ ತೋರಿಸಿದ ಮೇಲೆ ಈ ಕ್ಷೇತ್ರ ಬಹಳ ಬೇಗ ಬೆಳೆಯಿತು. ಪಾಠ ಹೇಳುವ ಕ್ರಮ ನಮ್ಮ ‘ಬಿಟ್ಟ ಸ್ಥಳ ತುಂಬಿರಿ’ ಇದ್ದಂತೆ. ಒಂದು ಸ್ಪಷ್ಟ ಚಿತ್ರವನ್ನು ತೆಗೆದುಕೊಂಡು ಬೇಕೆಂದೇ ಕುಗ್ಗಿಸುತ್ತಾರೆ. ಕುಗ್ಗಿದ್ದನ್ನು ತಂತ್ರಾಂಶಕ್ಕೆ ಕೊಟ್ಟು, ಮೂಲ ಹೇಗಿತ್ತು ಹೇಳು ಎನ್ನುತ್ತಾರೆ. ಉತ್ತರ ಮೂಲದಿಂದ ಎಷ್ಟು ದೂರವಿದೆಯೋ ಅದಕ್ಕೆ ತಕ್ಕಂತೆ ತಂತ್ರಾಂಶದ ಒಳಗಿನ ಅಂಕಿಗಳನ್ನು ಚೂರು ಬದಲಿಸುತ್ತಾರೆ. ಇದನ್ನು ಲಕ್ಷಾಂತರ ಸಲ ಮಾಡಿದ ಮೇಲೆ ಅದಕ್ಕೊಂದು ಅಭ್ಯಾಸ ಬರುತ್ತದೆ: ಇಂಥ ಮಬ್ಬು ಗೆರೆ ಸಾಮಾನ್ಯವಾಗಿ ಹುಬ್ಬು, ಇಂಥ ಕಪ್ಪು ಚುಕ್ಕೆ ಸಾಮಾನ್ಯವಾಗಿ ಕಣ್ಣುಗುಡ್ಡೆ.

ಆ ‘ಸಾಮಾನ್ಯವಾಗಿ’ ಎಂಬ ಮಾತಿನಲ್ಲೇ ಎಲ್ಲ ಇದೆ. ಹೆಚ್ಚಿನ ಜನರ ಹುಬ್ಬಿನ ಮೇಲೆ ಗೀರು ಇರುವುದಿಲ್ಲ. 50 ಪಿಕ್ಸೆಲ್ಲಿನ ಮುಖದಲ್ಲಿ ಅದು ಒಂದು ಮನೆಯ ಅರ್ಧವೂ ಇರಲಿಲ್ಲ. ತಂತ್ರಾಂಶ ತಾನು ಕಂಡ ಬೇರೆ ಸಾವಿರಾರು ಹುಬ್ಬುಗಳಿಂದ ಒಂದು ಹುಬ್ಬನ್ನು ಬರೆದುಕೊಟ್ಟಿತು. ಹಾಗೆ ನೋಡಿದರೆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ‘ಪಲ್ಸ್’ ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಯಾರೋ ಅದಕ್ಕೆ ಮಾಜಿ ಅಧ್ಯಕ್ಷ ಬರಾಕ್ ಒಬಾಮ ಅವರ ಮಬ್ಬಾದ ಚಿತ್ರ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯನ ಮುಖ! ಅಲ್ಲೂ ಇದೇ ಕಥೆ. ಪಾಠದ ಚಿತ್ರಗಳಲ್ಲಿ ಯಾವ ಮುಖಗಳು ಹೆಚ್ಚೋ ಊಹೆ ಅತ್ತ ವಾಲುತ್ತದೆ. ವ್ಯಕ್ತಿಯನ್ನು ಗುರುತಿಸಲು ಇದನ್ನು ಬಳಸಲಾಗದೆಂದು ಅದನ್ನು ರೂಪಿಸಿದವರೇ ಹೇಳಿದ್ದರು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯವೊಂದರಲ್ಲಿ, ಕೊಲೆ ಪ್ರಕರಣದ ಆರೋಪಿಯ ಪರವಾಗಿ ಹೀಗೆ ಸ್ಪಷ್ಟಗೊಳಿಸಿದ ವೀಡಿಯೋವನ್ನು ಸಾಕ್ಷಿಯಾಗಿ ತಂದಾಗ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಸಿನಿಮಾದಲ್ಲಿ ಪೊಲೀಸರು ಮಬ್ಬು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಕಾರಿನ ನಂಬರು ಓದುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿದರೆ ನಿರಾಸೆಯಾಗುತ್ತದೆ. ಹೇಳಲೇಬೇಕು.

ಹಾಗೆಂದು ಈ ತಂತ್ರಾಂಶಗಳು ಬೇಡವೆಂದಲ್ಲ. ಮರದ ಎಲೆ, ಹುಲ್ಲು, ಮೋಡ, ವಾರ್ಷಿಕೋತ್ಸವದ ಬ್ಯಾನರು, ಇಂಥವಕ್ಕೆ ಧಾರಾಳವಾಗಿ ಬಳಸಿ. ಮಾವಿನ ಎಲೆಯ ನರವೊಂದು ಅತ್ತಿತ್ತ ಆದರೆ ಯಾರೂ ತಕರಾರು ಮಾಡುವುದಿಲ್ಲ. ಅಂಕಪಟ್ಟಿ, ಜಾತಕ, ಹಳೆಯ ಪತ್ರ, ಮುಖ, ಇವುಗಳ ವಿಷಯ ಬೇರೆ. ಅಲ್ಲಿ 3 ಹೋಗಿ 8 ಆದರೂ ಅದು ಅಚ್ಚುಕಟ್ಟಾಗಿಯೇ ಕಾಣುತ್ತದೆ.

“ಮೂಲ ಫೋಟೋ ಎಲ್ಲಿದೆ?” ಎಂದು ಕೇಳಿದೆ. ಚಿಕ್ಕಪ್ಪನ ಮನೆಯ ಟ್ರಂಕಿನಲ್ಲಂತೆ. ತರಿಸಿದಳು. ಹತ್ತು ಇಂಚು ಅಗಲದ ಕಪ್ಪು-ಬಿಳುಪು ಫೋಟೋ; ಮೂಲೆಯಲ್ಲಿ ಸ್ವಲ್ಪ ಗೆದ್ದಲು ಹಿಡಿದಿದೆ, ಮುಖಗಳಿಗೆ ಏನೂ ಆಗಿಲ್ಲ. ಅಜ್ಜನ ಮುಖ ಇಂಚಿನ ಮೂರನೆಯ ಒಂದು ಭಾಗ. ಕಂಪ್ಯೂಟರ್ ಕೋಣೆಯ ಸ್ಕ್ಯಾನರಿನ ಗಾಜು ಒರೆಸಿ, ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದೆವು. ಮುಖಕ್ಕೆ ಎಷ್ಟು ಸಿಕ್ಕಿತು, ನೀವೇ ಲೆಕ್ಕ ಹಾಕಿ: 200ಕ್ಕೆ 200, ಅದೇ 40,000! ಈ ಸಲ ಒಂದೊಂದು ಚುಕ್ಕೆಯೂ 1974ರ ಆ ಕಾಗದದಿಂದಲೇ ಬಂದದ್ದು. ಚಿತ್ರ ಮೊದಲಿನದರಷ್ಟು ನುಣುಪಾಗಿಲ್ಲ, ಕಾಗದದ ಕಣಗಳು ಕಾಣುತ್ತವೆ. ಎಡಹುಬ್ಬಿನ ನಡುವೆ ಸಣ್ಣದೊಂದು ಬಿಳಿ ಗೆರೆಯೂ ಕಾಣುತ್ತದೆ. ಫೈಲನ್ನು ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ಲದಿದ್ದರೆ ವಾಟ್ಸಾಪ್ ಮತ್ತೆ ಕುಗ್ಗಿಸುತ್ತದೆ ಎಂದು ಹೇಳಿ ಕಳಿಸಿದೆ.

ಮರುದಿನ ಬಂದವಳಿಗೆ ಈಗ ನೆಗೆಟಿವ್ ಬೇಕಂತೆ. ಪ್ರಿಂಟಿಗಿಂತ ನೆಗೆಟಿವ್‌ನಲ್ಲಿ ಹೆಚ್ಚು ವಿವರ ಇರುತ್ತದೆಂದು ನಾನೇ ಬಾಯಿಬಿಟ್ಟಿದ್ದೆ. ಫೋಟೋ ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಆ ಜಾಗದಲ್ಲಿ ಅವರ ಮಗ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಅಟ್ಟದ ಮೇಲೆ ಹಳೆಯ ಡಬ್ಬಿಗಳು ಕೆಲವಿವೆಯಂತೆ. ಭಾನುವಾರ ಬನ್ನಿ ಎಂದಿದ್ದಾರೆ.