ಆಸನಕ್ಕೆ ಮೊದಲು ಅಹಿಂಸೆ

ಯೋಗಶಾಲೆಯು ಶರೀರಾರೋಗ್ಯವನ್ನಷ್ಟೇ ನೋಡಿಕೊಳ್ಳತಕ್ಕದ್ದು, ಜನಾಂಗದ್ವೇಷದಂತಹ ಲೋಕವ್ಯವಹಾರದಲ್ಲಿ ತಲೆಹಾಕಬಾರದು ಎಂಬ ಲೇಖನವನ್ನು ಓದಿದೆನು. ಅದರ ಪ್ರತಿಪಾದನೆಯು ಯೋಗಶಾಸ್ತ್ರಕ್ಕೂ ಸಲ್ಲದು, ನಮ್ಮ ನಗರದ ಅನುಭವಕ್ಕೂ ಒಪ್ಪದು. ಪತಂಜಲಿಯ ಅಷ್ಟಾಂಗಗಳಲ್ಲಿ ಆಸನವು ಮೂರನೆಯದು. ಮೊದಲನೆಯದು ಯಮ, ಯಮಗಳಲ್ಲಿ ಮೊದಲನೆಯದು ಅಹಿಂಸೆ. ಜಾತಿ, ದೇಶ, ಕಾಲ, ಸಂದರ್ಭಗಳ ಮೇರೆಯಿಲ್ಲದೆ ಪಾಲಿಸಿದಾಗಲೇ ಈ ಯಮಗಳು ಮಹಾವ್ರತವೆನಿಸುವುವೆಂದು ಸಾಧನಪಾದದ 31ನೆಯ ಸೂತ್ರವು ಸಾರುತ್ತದೆ. ಹೀಗಿರುವಲ್ಲಿ, ಕಣ್ಣಿನ ಆಕಾರವನ್ನು ಕಂಡು ನೆರೆಯವನನ್ನು ಹೀನಾಯವಾಗಿ ಕೂಗುವ ಶಿಷ್ಯನಿಗೆ ಪ್ರಾಣಾಯಾಮವನ್ನು ಮಾತ್ರ ಹೇಳಿಕೊಟ್ಟು ಕಳುಹಿಸುವ ಗುರುವು ಯಾವ ಯೋಗವನ್ನು ಕಲಿಸಿದಂತಾಯಿತು?

2021ರ ಮಾರ್ಚಿನಲ್ಲಿ ಅಮೆರಿಕದ ಅಟ್ಲಾಂಟ ಪ್ರದೇಶದಲ್ಲಿ ಆರು ಮಂದಿ ಏಷ್ಯಾಮೂಲದ ಸ್ತ್ರೀಯರು ಗುಂಡಿಗೆ ಬಲಿಯಾದುದನ್ನು ಆ ಲೇಖನದ ಕರ್ತೃವು ದೂರದೇಶದ ಸಂಗತಿಯೆಂದು ಭಾವಿಸಿದಂತಿದೆ. ಆದರೆ ಅಂತಹ ಭಯವು ನಮ್ಮೂರಿಗೂ ಹೊಸದಲ್ಲ: 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ತಮ್ಮ ಮೇಲೆ ದಾಳಿಯಾಗುವುದೆಂದು ಹಬ್ಬಿದ ವದಂತಿಗೆ ಹೆದರಿ, ಈಶಾನ್ಯ ರಾಜ್ಯಗಳ ಸಹಸ್ರಾರು ಮಂದಿ ಇದೇ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ವಿಶೇಷ ಗಾಡಿಗಳಿಗೆ ಮುಗಿಬಿದ್ದರು. ವದಂತಿಯು ಸುಳ್ಳಾಗಿತ್ತು, ಆದರೆ ಅದನ್ನು ನಂಬುವಷ್ಟು ಭಯವನ್ನು ದಿನನಿತ್ಯದ ಅವಹೇಳನವು ಅವರಲ್ಲಿ ಮೊದಲೇ ಬಿತ್ತಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ. 2014ರಲ್ಲಿ, ಈಶಾನ್ಯದವರ ಅಹವಾಲುಗಳನ್ನು ಪರಿಶೀಲಿಸಲು ಕೇಂದ್ರ ಸರಕಾರವು ನೇಮಿಸಿದ ಬೆಜ್‌ಬರುವಾ ಸಮಿತಿಯು ಇಂತಹ ಅವಹೇಳನವನ್ನು ಶಿಕ್ಷಾರ್ಹವಾಗಿಸಬೇಕೆಂದು ಶಿಫಾರಸು ಮಾಡಿತು; ಕಾನೂನು ಬರಲಿ, ಬಾರದಿರಲಿ, ಶಿಷ್ಯನ ಮನಸ್ಸನ್ನು ತಿದ್ದುವ ಹೊಣೆ ಗುರುವಿನದು.

ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಮಗ್ಗುಲಲ್ಲಿರುವ ನಮ್ಮ ಉಲ್ಲಾಳದಲ್ಲಿ ವ್ಯಾಸಂಗಕ್ಕೂ ಉದ್ಯೋಗಕ್ಕೂ ದೂರದಿಂದ ಬಂದವರು ನೆಲೆಸುತ್ತಿದ್ದಾರೆ. ಇಲ್ಲಿನ ಸಣ್ಣಪುಟ್ಟ ಯೋಗಶಾಲೆಗಳ ಆಚಾರ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಮಣಿಪುರದ, ನಾಗಾಲ್ಯಾಂಡಿನ ನೆರೆಯವರನ್ನು ತರಗತಿಗೆ ಕರೆಯಿರಿ, ಅವರನ್ನು ಹೀಯಾಳಿಸುವ ಮಾತು ನಿಮ್ಮಲ್ಲಿ ಕೇಳಿಬಂದರೆ, ಅಭ್ಯಾಸವನ್ನು ನಿಲ್ಲಿಸಿ, ಆಡಿದವನನ್ನು ಎಲ್ಲರೆದುರಿಗೇ ತಿದ್ದಿರಿ.